1932ರ ಅಭ್ಯರ್ಥಿ ರೂಸ್‌ವೆಲ್ಟ್ ಮತ್ತು ಕೆಲಸ ಕಳೆದುಕೊಂಡ ಕಾರ್ಮಿಕರು: ಪದೇ ಪದೇ ಕೇಳುವ ಪ್ರಶ್ನೆಗಳು

1932ರ ನವೆಂಬರ್ 8ರಂದು ನಡೆದ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಫ್ರಾಂಕ್ಲಿನ್ ಡಿ. ರೂಸ್‌ವೆಲ್ಟ್ ಅವರು ಅಧಿಕಾರದಲ್ಲಿದ್ದ ರಿಪಬ್ಲಿಕನ್ ಪಕ್ಷದ ಹರ್ಬರ್ಟ್ ಹೂವರ್ ಅವರನ್ನು ಸೋಲಿಸಿದರು. ರೂಸ್‌ವೆಲ್ಟ್ ಹೆಸರು ಬಂದ ಕೂಡಲೇ ಮಾತು ಅವರು ಅಧ್ಯಕ್ಷರಾದ ಮೇಲಿನ ‘ನ್ಯೂ ಡೀಲ್’ ಎಂಬ ಪರಿಹಾರ ಮತ್ತು ಸುಧಾರಣೆಯ ಕಾರ್ಯಕ್ರಮಗಳತ್ತ ಹೊರಳುವುದು ವಾಡಿಕೆ. ಈ ಪುಟದ ವಿಷಯ ಅದಕ್ಕಿಂತ ಹಿಂದಿನದು: ಮತ ಕೇಳಲು ಹೊರಟಾಗ ನಿರುದ್ಯೋಗಿ ಕಾರ್ಮಿಕರ ವಿಚಾರದಲ್ಲಿ ಅವರ ಕೈಯಲ್ಲಿ ಯಾವ ದಾಖಲೆ ಇತ್ತು, ಅವರು ಮಾಡದೆ ಬಿಟ್ಟದ್ದೇನು, ಪ್ರಚಾರದಲ್ಲಿ ಆಡಿದ ಮಾತಿಗೂ ಆ ದಾಖಲೆಗೂ ಎಷ್ಟು ಹೊಂದಾಣಿಕೆ ಇತ್ತು ಎಂಬುದು.

ಆ ಹೊತ್ತಿಗೆ ನಿರುದ್ಯೋಗದ ಪ್ರಮಾಣ ಎಷ್ಟಿತ್ತು?

ನಂತರದ ಅಂದಾಜುಗಳ ಪ್ರಕಾರ 1929ರಲ್ಲಿ ಶೇ 3.2ರಷ್ಟಿದ್ದ ನಿರುದ್ಯೋಗ 1932ರಲ್ಲಿ ಶೇ 23.6ಕ್ಕೆ ಏರಿತ್ತು. ದುಡಿಯಬಲ್ಲ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಕೆಲಸವಿರಲಿಲ್ಲ. ಕೆಲಸ ಉಳಿಸಿಕೊಂಡವರಲ್ಲಿಯೂ ಅನೇಕರಿಗೆ ವಾರಕ್ಕೆ ಎರಡು ಮೂರು ದಿನದ ದುಡಿಮೆ ಮಾತ್ರ ಸಿಗುತ್ತಿತ್ತು. ಇಡೀ ದೇಶದಲ್ಲಿ ಜಾರಿಯಲ್ಲಿದ್ದ ನಿರುದ್ಯೋಗ ವಿಮೆಯ ಸರ್ಕಾರಿ ವ್ಯವಸ್ಥೆ ಒಂದೂ ಇರಲಿಲ್ಲ. ಕೆಲಸ ಹೋದವನು ಮೊದಲು ಉಳಿತಾಯ ಕರಗಿಸುತ್ತಿದ್ದ, ಆಮೇಲೆ ಅಂಗಡಿಯಲ್ಲಿ ಉದ್ದರಿ ಮಾಡುತ್ತಿದ್ದ, ಬಂಧುಗಳ ಮನೆ ಸೇರುತ್ತಿದ್ದ, ಎಲ್ಲವೂ ಮುಗಿದ ಮೇಲೆ ಚರ್ಚಿನ ಅಥವಾ ಸ್ಥಳೀಯ ಬಡವರ ಪರಿಹಾರ ಕಚೇರಿಯ ಬಾಗಿಲಿಗೆ ಹೋಗುತ್ತಿದ್ದ. 1930ರ ಶರತ್ಕಾಲದಲ್ಲಿ ಸೇಬಿನ ಸಗಟು ವ್ಯಾಪಾರಿಗಳ ಸಂಘವು ನಿರುದ್ಯೋಗಿಗಳಿಗೆ ಪೆಟ್ಟಿಗೆಗಟ್ಟಲೆ ಸೇಬನ್ನು ಸಾಲವಾಗಿ ಕೊಟ್ಟಿತು. ಕೋಟು ಟೋಪಿ ತೊಟ್ಟ ಗಂಡಸರು ನ್ಯೂಯಾರ್ಕಿನ ಬೀದಿ ಮೂಲೆಗಳಲ್ಲಿ ಒಂದಕ್ಕೆ ಐದು ಸೆಂಟಿನಂತೆ ಅದನ್ನು ಮಾರುತ್ತ ನಿಂತಿದ್ದರು.

ಅಭ್ಯರ್ಥಿಯಾಗುವ ಮೊದಲು ರೂಸ್‌ವೆಲ್ಟ್ ಯಾವ ಹುದ್ದೆಯಲ್ಲಿದ್ದರು?

1929ರ ಜನವರಿ 1ರಿಂದ ಅವರು ನ್ಯೂಯಾರ್ಕ್ ರಾಜ್ಯದ ಗವರ್ನರ್ ಆಗಿದ್ದರು. ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ, ಜನರಿಂದ ಆಯ್ಕೆಯಾಗಿ ಆಡಳಿತ ನಡೆಸುವವರು ಎಂಬುದನ್ನು ನೆನಪಿನಲ್ಲಿಡಬೇಕು. ಆಗ ಆ ಹುದ್ದೆಯ ಅವಧಿ ಎರಡೇ ವರ್ಷ. 1928ರಲ್ಲಿ ಸುಮಾರು 25,000 ಮತಗಳ ಅಂತರದಿಂದ ಹೇಗೋ ಗೆದ್ದವರು 1930ರಲ್ಲಿ ಸುಮಾರು 7,25,000 ಮತಗಳ ಅಂತರದಿಂದ ಮರು ಆಯ್ಕೆಯಾದರು. ಆದರೆ ರಾಜಧಾನಿ ಆಲ್ಬನಿಯಲ್ಲಿದ್ದ ಶಾಸಕಾಂಗದ ಎರಡೂ ಸದನಗಳು ವಿರೋಧ ಪಕ್ಷವಾದ ರಿಪಬ್ಲಿಕನ್ನರ ಹಿಡಿತದಲ್ಲಿದ್ದವು. ಹೀಗಾಗಿ ಅವರ ದಾಖಲೆಯಲ್ಲಿ ಕಾಣುವ ಯಾವ ಕಾನೂನೂ ಎದುರಾಳಿಗಳ ಒಪ್ಪಿಗೆಯಿಲ್ಲದೆ ಬಂದದ್ದಲ್ಲ.

1929ರಲ್ಲಿ ಶುರುವಾದ ಆರ್ಥಿಕ ಕುಸಿತದ ಮೊದಲ ಎರಡು ವರ್ಷಗಳಲ್ಲಿ ಅವರು ಏನು ಮಾಡಿದರು?

ನಿಜ ಹೇಳಬೇಕೆಂದರೆ, ಕೆಲಸಕ್ಕಿಂತ ಮಾತು ಹೆಚ್ಚಿತ್ತು. ಆದರೆ ಮಾತು ಸರಿಯಾದ ದಿಕ್ಕಿನಲ್ಲಿತ್ತು. 1930ರ ಜನವರಿಯಲ್ಲಿ ಅಧ್ಯಕ್ಷ ಹೂವರ್ ಅವರು ಉದ್ಯೋಗ ಹೆಚ್ಚುತ್ತಿದೆ ಎಂದು ಸಾರಿದಾಗ, ನ್ಯೂಯಾರ್ಕಿನ ಕಾರ್ಮಿಕ ಇಲಾಖೆಯ ಮುಖ್ಯಸ್ಥೆಯಾಗಿದ್ದ ಫ್ರಾನ್ಸಿಸ್ ಪರ್ಕಿನ್ಸ್ ತಮ್ಮ ರಾಜ್ಯದ ಕಾರ್ಖಾನೆಗಳ ಅಂಕಿಅಂಶಗಳನ್ನು ಮುಂದಿಟ್ಟು ಪತ್ರಿಕೆಗಳ ಮುಖಾಂತರ ಅದನ್ನು ಅಲ್ಲಗಳೆದರು. ತಮ್ಮನ್ನು ಕೇಳದೆ ಅಧ್ಯಕ್ಷರ ಮಾತನ್ನೇ ತಳ್ಳಿಹಾಕಿದ ಅಧಿಕಾರಿಯನ್ನು ಗವರ್ನರ್ ಗದರಲಿಲ್ಲ, ಬೆನ್ನಿಗೆ ನಿಂತರು. ಅದೇ ಮಾರ್ಚ್‌ನಲ್ಲಿ ಕೈಗಾರಿಕೆಗಳಲ್ಲಿ ಉದ್ಯೋಗ ಸ್ಥಿರವಾಗಿರುವಂತೆ ನೋಡಿಕೊಳ್ಳುವ ಬಗೆಯನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿದರು. ಜೂನ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆದ ಗವರ್ನರುಗಳ ಸಮ್ಮೇಳನದಲ್ಲಿ ನಿರುದ್ಯೋಗ ವಿಮೆಯನ್ನು ಬಹಿರಂಗವಾಗಿ ಬೆಂಬಲಿಸಿದರು. ಆ ಮಟ್ಟದ ರಾಜಕಾರಣಿ ಆಗ ಹಾಗೆ ಹೇಳುವುದು ಅಪರೂಪವೇ ಆಗಿತ್ತು. 1931ರ ಜನವರಿಯಲ್ಲಿ ನೆರೆಯ ಕೈಗಾರಿಕಾ ರಾಜ್ಯಗಳ ಗವರ್ನರುಗಳನ್ನು ಆಲ್ಬನಿಗೆ ಕರೆಸಿ ಇದೇ ವಿಷಯವಾಗಿ ಸಮಾಲೋಚನೆ ನಡೆಸಿದರು.

ಇಷ್ಟಾದರೂ ಆ ಎರಡು ಚಳಿಗಾಲಗಳಲ್ಲಿ ಹಸಿದ ಮನೆಗೆ ರಾಜ್ಯದ ಖಜಾನೆಯಿಂದ ನೇರವಾಗಿ ಹೋದ ನೆರವು ತೀರ ಅಲ್ಪ. ಪರಿಹಾರ ಕೊಡುವುದು ಊರಿನ, ನಗರದ, ಕೌಂಟಿಯ ಹೊಣೆ ಎಂಬ ಹಳೆಯ ನಂಬಿಕೆಯನ್ನು ರೂಸ್‌ವೆಲ್ಟ್ ಅವರೂ 1931ರ ಬೇಸಿಗೆಯವರೆಗೆ ಪೂರ್ತಿ ಬಿಟ್ಟಿರಲಿಲ್ಲ.

ಹಾಗಾದರೆ ಅವರ ದಾಖಲೆಯಲ್ಲಿ ಮುಖ್ಯವಾದದ್ದು ಯಾವುದು?

1931ರ ಆಗಸ್ಟ್ 28ರಂದು ಅವರು ಶಾಸಕಾಂಗದ ವಿಶೇಷ ಅಧಿವೇಶನದ ಮುಂದಿಟ್ಟ ಪ್ರಸ್ತಾವ ಮತ್ತು ಅದರಿಂದ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಕಾನೂನು. ದುಡಿದು ಬದುಕಲು ಯತ್ನಿಸಿಯೂ ಆಗದ ತನ್ನ ಪ್ರಜೆಗಳು ಉಪವಾಸ ಬೀಳದಂತೆ ತಡೆಯುವುದು ಸರ್ಕಾರದ ಮೂಲಕ ಸಮಾಜ ನಿರ್ವಹಿಸಬೇಕಾದ ಖಚಿತ ಹೊಣೆ, ಅದು ದಾನವಲ್ಲ, ಸಾಮಾಜಿಕ ಕರ್ತವ್ಯ ಎಂಬುದು ಅಂದಿನ ಅವರ ಸಂದೇಶದ ತಿರುಳಾಗಿತ್ತು. ಇಂದು ಇದು ಸಪ್ಪೆಯಾಗಿ ಕೇಳಿಸಬಹುದು. ಆದರೆ ನಿರುದ್ಯೋಗಿಯ ಸೋಮಾರಿತನವೇ ಅವನ ಬಡತನಕ್ಕೆ ಕಾರಣ ಎಂದು ದೊಡ್ಡ ಮನುಷ್ಯರು ಸಂಕೋಚವಿಲ್ಲದೆ ಹೇಳುತ್ತಿದ್ದ ಕಾಲದಲ್ಲಿ, ದೇಶದ ಅತಿ ದೊಡ್ಡ ಕೈಗಾರಿಕಾ ರಾಜ್ಯದ ಗವರ್ನರ್ ಅಧಿಕೃತ ದಾಖಲೆಯಲ್ಲಿ ಹಾಗೆ ಬರೆದದ್ದು ಸಣ್ಣ ಸಂಗತಿಯಲ್ಲ.

ವಿಕ್ಸ್ ಕಾಯ್ದೆ ಎಂದು ಕರೆಯಲಾದ ಆ ಕಾನೂನು ತಾತ್ಕಾಲಿಕ ತುರ್ತು ಪರಿಹಾರ ಆಡಳಿತ ಎಂಬ ಮೂವರು ಸದಸ್ಯರ ಸಂಸ್ಥೆಯನ್ನು ಸ್ಥಾಪಿಸಿ ಅದಕ್ಕೆ 2 ಕೋಟಿ ಡಾಲರ್ ಒದಗಿಸಿತು. ಮೇಸೀಸ್ ಮಳಿಗೆಯ ಮುಖ್ಯಸ್ಥ ಜೆಸ್ಸಿ ಸ್ಟ್ರಾಸ್ ಅಧ್ಯಕ್ಷರಾದರು. ಸಮಾಜ ಕಾರ್ಯಕರ್ತರಾಗಿ ಪಳಗಿದ್ದ ಹ್ಯಾರಿ ಹಾಪ್ಕಿನ್ಸ್ ಕಾರ್ಯನಿರ್ವಾಹಕ ನಿರ್ದೇಶಕರಾಗಿ ಬಂದು ಮರು ವರ್ಷ ಸಂಸ್ಥೆಯ ಅಧ್ಯಕ್ಷರೇ ಆದರು. ನಿರುದ್ಯೋಗ ಪರಿಹಾರಕ್ಕಾಗಿ ಇಂತಹ ರಾಜ್ಯ ಮಟ್ಟದ ಸಂಸ್ಥೆಯನ್ನು ಕಟ್ಟಿದವರಲ್ಲಿ ನ್ಯೂಯಾರ್ಕ್ ಮೊದಲನೆಯದು. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಇಲಿನಾಯ್ ಮುಂತಾದ ರಾಜ್ಯಗಳು ಬಳಿಕ ಇದೇ ದಾರಿ ಹಿಡಿದವು.

ಅದಕ್ಕೆ ಹಣ ಎಲ್ಲಿಂದ ಬಂತು?

ರಾಜ್ಯದ ಆದಾಯ ತೆರಿಗೆಯನ್ನು ಅರ್ಧದಷ್ಟು ಹೆಚ್ಚಿಸುವ ಮೂಲಕ ಬಂತು. ಆಗ ಆದಾಯ ತೆರಿಗೆ ಕಟ್ಟುತ್ತಿದ್ದವರು ಉಳ್ಳವರು ಮಾತ್ರ. ಆದ್ದರಿಂದ ಹೊರೆ ಹೊರಬಲ್ಲವರ ಮೇಲೆಯೇ ಬಿತ್ತು. ಸಾಲ ಮಾಡಿ ಪರಿಹಾರ ಕೊಡಲು ರೂಸ್‌ವೆಲ್ಟ್ ಮೊದಲಿಗೆ ಒಪ್ಪಿರಲಿಲ್ಲ. ಮುಂದೆ ಹಣ ಸಾಲದೆ ಹೋದಾಗ 3 ಕೋಟಿ ಡಾಲರ್ ಮೌಲ್ಯದ ಬಾಂಡುಗಳ ಪ್ರಸ್ತಾವ ಜನರ ಮುಂದೆ ಹೋಯಿತು. 1932ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಮತದಾರರು ಅಧ್ಯಕ್ಷರನ್ನು ಆರಿಸಿದ ದಿನವೇ ಅದಕ್ಕೂ ಒಪ್ಪಿಗೆ ಕೊಟ್ಟರು.

ನೆರವು ಕಾರ್ಮಿಕನ ಕೈಗೆ ಯಾವ ರೂಪದಲ್ಲಿ ತಲುಪುತ್ತಿತ್ತು?

ಎರಡು ರೂಪದಲ್ಲಿ. ಒಂದು ಕಾಮಗಾರಿ: ರಸ್ತೆ, ಉದ್ಯಾನ, ಸಾರ್ವಜನಿಕ ಕಟ್ಟಡ, ಗಿಡ ನೆಡುವ ಕೆಲಸ ಇತ್ಯಾದಿಗಳಲ್ಲಿ ದುಡಿಸಿಕೊಂಡು ನಗದು ಕೂಲಿ ಕೊಡುವುದು. ನಮ್ಮಲ್ಲಿ ಬರಗಾಲದ ವರ್ಷ ಕೆರೆ ಹೂಳೆತ್ತಿಸುವ, ರಸ್ತೆಗೆ ಮಣ್ಣು ಹಾಕಿಸುವ ಪರಿಹಾರ ಕಾಮಗಾರಿಗಳನ್ನು ಕಂಡವರಿಗೆ ಇದರ ಬಗೆ ತಿಳಿಯುತ್ತದೆ. ಇನ್ನೊಂದು ಮನೆಗೆ ಕೊಡುವ ಪರಿಹಾರ: ಆಹಾರ, ಬಾಡಿಗೆ, ಬಟ್ಟೆ, ಉರುವಲು, ದೀಪ, ಔಷಧ ಮುಂತಾದ ಅಗತ್ಯಗಳನ್ನು ವಸ್ತುರೂಪದಲ್ಲಿ ಒದಗಿಸುವುದು. ಸ್ಥಳೀಯ ಆಡಳಿತ ಇದಕ್ಕೆ ಮಾಡಿದ ಖರ್ಚಿನಲ್ಲಿ ಶೇ 40ರವರೆಗೆ ರಾಜ್ಯವು ಹಿಂದಿರುಗಿಸುತ್ತಿತ್ತು.

ವಸ್ತುರೂಪದಲ್ಲಿ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕುಟುಂಬದ ಕೈಗೆ ದುಡ್ಡು ಬರುತ್ತಿರಲಿಲ್ಲ, ದಿನಸಿ ಅಂಗಡಿಗೆ ಕೊಡುವ ಚೀಟಿ ಬರುತ್ತಿತ್ತು. ಮೊದಲು ತನಿಖಾಧಿಕಾರಿ ಮನೆಗೆ ಬಂದು, ಯಾರು ದುಡಿಯುತ್ತಾರೆ, ಉಳಿತಾಯ ಏನಿದೆ, ನೆರವಾಗಬಲ್ಲ ನೆಂಟರು ಯಾರಿದ್ದಾರೆ ಎಂದು ವಿಚಾರಿಸುತ್ತಿದ್ದರು. ಆಮೇಲೆ ಅಂಗಡಿಯಲ್ಲಿ, ಅಕ್ಕಪಕ್ಕದವರ ಎದುರಿಗೆ, ಆ ಚೀಟಿಯನ್ನು ತೆಗೆದು ಮುಂದಿಡಬೇಕಾಗಿತ್ತು. ನಿನ್ನೆಯವರೆಗೆ ಸಂಬಳದ ದಿನ ಅದೇ ಅಂಗಡಿಯಲ್ಲಿ ಲೆಕ್ಕ ಚುಕ್ತಾ ಮಾಡುತ್ತಿದ್ದ ಕುಶಲಕರ್ಮಿಗೆ ಇದು ಎಷ್ಟು ಕಷ್ಟವಾಗಿರಬೇಕೆಂದು ಊಹಿಸಿದರೆ, ಹಾಪ್ಕಿನ್ಸ್ ಅವರು ಮುಂದೆ ಜೀವನದುದ್ದಕ್ಕೂ ಚೀಟಿಗಿಂತ ಕೆಲಸವೇ ಮೇಲು ಎಂದು ವಾದಿಸಿದ್ದರ ಹಿನ್ನೆಲೆ ತಿಳಿಯುತ್ತದೆ. ಎರಡು ವರ್ಷ ರಾಜ್ಯದಲ್ಲಿ ವಾಸವಿದ್ದವರಿಗೆ ಮಾತ್ರ ಎಂಬ ನಿಯಮವೂ ಇತ್ತು; ಕೆಲಸ ಹುಡುಕಿಕೊಂಡು ಬೇರೆ ರಾಜ್ಯಗಳಿಂದ ಬಂದವರನ್ನು ಅದು ಹೊರಗಿಟ್ಟಿತು.

ಆ ಸಂಸ್ಥೆ 1937ರವರೆಗೆ ಉಳಿಯಿತು. ಆ ಅವಧಿಯಲ್ಲಿ ಒಂದಲ್ಲ ಒಂದು ಹೊತ್ತಿನಲ್ಲಿ ಅದರ ನೆರವು ಪಡೆದವರ ಸಂಖ್ಯೆ ಸುಮಾರು 50 ಲಕ್ಷ.

ನಿರುದ್ಯೋಗ ವಿಮೆಯನ್ನು ಅವರು ಗವರ್ನರ್ ಆಗಿದ್ದಾಗಲೇ ಜಾರಿಗೆ ತಂದರೇ?

ಇಲ್ಲ. ಭಾಷಣದಲ್ಲಿ ಬೆಂಬಲಿಸಿದರು, ಹಲವು ರಾಜ್ಯಗಳ ಜಂಟಿ ಆಯೋಗವೊಂದರ ಮೂಲಕ ಅಧ್ಯಯನ ಮಾಡಿಸಿದರು, ಕಾನೂನು ಮಾತ್ರ ಆಗಲಿಲ್ಲ. ನ್ಯೂಯಾರ್ಕಿನ ನಿರುದ್ಯೋಗ ವಿಮಾ ಕಾನೂನು ಬಂದದ್ದು 1935ರಲ್ಲಿ, ಅವರ ಉತ್ತರಾಧಿಕಾರಿ ಹರ್ಬರ್ಟ್ ಲೇಮನ್ ಅವರ ಕಾಲದಲ್ಲಿ. ದೇಶದಲ್ಲಿ ಇಂತಹ ಮೊದಲ ಕಾನೂನಿನ ಶ್ರೇಯ ವಿಸ್ಕಾನ್ಸಿನ್ ರಾಜ್ಯಕ್ಕೆ ಸಲ್ಲಬೇಕು. ಅಲ್ಲಿನ ಗವರ್ನರ್ ಫಿಲಿಪ್ ಲಾ ಫೊಲೆಟ್ 1932ರ ಜನವರಿಯಲ್ಲಿ ಅದಕ್ಕೆ ಸಹಿ ಹಾಕಿದರು, ಆದರೂ ಮೊದಲ ಚೆಕ್ ಹೊರಟದ್ದು 1936ರಲ್ಲಿ.

ಹೂವರ್ ಏನನ್ನೂ ಮಾಡಲಿಲ್ಲ ಎಂಬುದು ನಿಜವೇ?

ಅದು ಚುನಾವಣಾ ಪ್ರಚಾರದ ಮಾತು. ಕುಸಿತ ಆರಂಭವಾದ ಕೂಡಲೇ ಅವರು ಉದ್ಯಮಿಗಳನ್ನು ಕರೆಸಿ ಕೂಲಿ ಇಳಿಸಬೇಡಿ ಎಂದು ಕೇಳಿಕೊಂಡರು. 1930ರಲ್ಲಿ ಒಂದು, 1931ರಲ್ಲಿ ಇನ್ನೊಂದು ಪರಿಹಾರ ಸಮಿತಿಯನ್ನು ನೇಮಿಸಿದರು. 1932ರ ಜನವರಿಯಲ್ಲಿ ಬ್ಯಾಂಕು ಮತ್ತು ರೈಲ್ವೆ ಕಂಪನಿಗಳಿಗೆ ಸಾಲ ಕೊಡುವ ಪುನರ್ನಿರ್ಮಾಣ ಹಣಕಾಸು ನಿಗಮವನ್ನು ಸ್ಥಾಪಿಸಿದರು. ಅದೇ ಜುಲೈನಲ್ಲಿ ರಾಜ್ಯಗಳ ಪರಿಹಾರ ಕಾರ್ಯಕ್ಕಾಗಿ 30 ಕೋಟಿ ಡಾಲರ್ ಒದಗಿಸುವ ಕಾಯ್ದೆಗೆ ಸಹಿ ಹಾಕಿದರು. ಆದರೆ ಅದು ಅನುದಾನವಲ್ಲ, ಶೇ 3ರ ಬಡ್ಡಿಯ ಸಾಲ. ಕಾರ್ಮಿಕರಿಗೆ ಕೆಲಸ ಹುಡುಕಿಕೊಡುವ ಸರ್ಕಾರಿ ಉದ್ಯೋಗ ವಿನಿಮಯ ಕಚೇರಿಗಳ ಜಾಲವನ್ನು ಬಲಪಡಿಸಲು ಸೆನೆಟರ್ ರಾಬರ್ಟ್ ವ್ಯಾಗ್ನರ್ ತಂದ ಮಸೂದೆಯನ್ನು ಅವರು 1931ರಲ್ಲಿ ತಡೆಹಿಡಿದರು.

ಮೊದಲ ಮಹಾಯುದ್ಧದ ಕಾಲದಲ್ಲಿ ಬೆಲ್ಜಿಯಂ ಜನತೆಗೆ ಅನ್ನ ತಲುಪಿಸಿ ಜಗತ್ತಿನ ಮೆಚ್ಚುಗೆ ಪಡೆದಿದ್ದ ಹೂವರ್ ಕಲ್ಲೆದೆಯವರೇನಲ್ಲ. ಪರಿಹಾರ ಸ್ಥಳೀಯವಾಗಿ, ಸ್ವಯಂಪ್ರೇರಣೆಯಿಂದ ಬರಬೇಕು, ಒಕ್ಕೂಟ ಸರ್ಕಾರ ನೇರವಾಗಿ ಹಂಚತೊಡಗಿದರೆ ಜನರ ಸ್ವಾವಲಂಬನೆ ಕೆಡುತ್ತದೆ ಎಂಬ ನಂಬಿಕೆಯನ್ನು ಪರಿಸ್ಥಿತಿ ಸುಳ್ಳು ಮಾಡಿದ ಮೇಲೂ ಅವರು ಸಡಿಲಿಸಿದ್ದು ತಡವಾಗಿ, ಅದೂ ಅರೆಮನಸ್ಸಿನಿಂದ. ಇಬ್ಬರು ಅಭ್ಯರ್ಥಿಗಳ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿದೆ: ಅದೇ ನಂಬಿಕೆಯಿಂದ ಹೊರಟ ರೂಸ್‌ವೆಲ್ಟ್ 1931ರಲ್ಲಿಯೇ ತಮ್ಮ ರಾಜ್ಯದ ಮಟ್ಟದಲ್ಲಿ ಅದನ್ನು ಕೈಬಿಟ್ಟು ತೆರಿಗೆ ಏರಿಸಿದ್ದರು.

ಪ್ರಚಾರದಲ್ಲಿ ರೂಸ್‌ವೆಲ್ಟ್ ಏನು ಭರವಸೆ ಕೊಟ್ಟರು?

ಒಂದಕ್ಕೊಂದು ಹೊಂದದ ಭರವಸೆಗಳನ್ನು ಕೊಟ್ಟರು. ಏಪ್ರಿಲ್ 7ರ ರೇಡಿಯೊ ಭಾಷಣದಲ್ಲಿ ಆರ್ಥಿಕ ಏಣಿಯ ಕೆಳಮೆಟ್ಟಿಲಲ್ಲಿ ಎಲ್ಲರೂ ಮರೆತ ಮನುಷ್ಯನ ಪರವಾಗಿ ಮಾತನಾಡಿದರು. ಅದು ಬಹಳ ಪ್ರಸಿದ್ಧವಾಯಿತು. ಆದರೆ ಅದೇ ಭಾಷಣದಲ್ಲಿ, ಸಾರ್ವಜನಿಕ ಕಾಮಗಾರಿಗಳಿಗೆ ನೂರಾರು ಕೋಟಿ ಸುರಿದರೂ ಲಕ್ಷಾಂತರ ನಿರುದ್ಯೋಗಿಗಳಿಗೆಲ್ಲ ಕೆಲಸ ಸಿಗದು, ಅದು ತಾತ್ಕಾಲಿಕ ತೇಪೆ ಮಾತ್ರ ಎಂದೂ ಹೇಳಿದ್ದರು. ಜುಲೈ 2ರಂದು ಷಿಕಾಗೊದಲ್ಲಿ ಪಕ್ಷದ ನಾಮನಿರ್ದೇಶನ ಒಪ್ಪಿಕೊಂಡಾಗ ಅರಣ್ಯೀಕರಣದಲ್ಲಿ ಹತ್ತು ಲಕ್ಷ ಜನರಿಗೆ ಕೆಲಸ ಕೊಡಬಹುದೆಂದರು. ಅಕ್ಟೋಬರ್ 19ರಂದು ಪಿಟ್ಸ್‌ಬರ್ಗ್‌ನಲ್ಲಿ ಹೂವರ್ ಅವರನ್ನು ದುಂದುಗಾರರೆಂದು ಜರೆದು, ಒಕ್ಕೂಟ ಸರ್ಕಾರದ ಖರ್ಚನ್ನು ಶೇ 25ರಷ್ಟು ಕಡಿತಗೊಳಿಸುವ ತಮ್ಮ ಪಕ್ಷದ ಪ್ರಣಾಳಿಕೆಯನ್ನು ಎತ್ತಿ ಹಿಡಿದರು.

ಪಿಟ್ಸ್‌ಬರ್ಗ್ ಭಾಷಣವನ್ನು ಅವರ ವಿರೋಧಿಗಳು ಆಮೇಲೆ ವರ್ಷಗಟ್ಟಲೆ ಎತ್ತಿ ಆಡಿದರು. 1936ರಲ್ಲಿ ಅದೇ ಊರಿಗೆ ಪ್ರಚಾರಕ್ಕೆ ಹೋಗಬೇಕಾದಾಗ ಹಳೆಯ ಮಾತಿಗೆ ಏನು ಸಮಜಾಯಿಷಿ ಕೊಡುವುದೆಂದು ಕೇಳಿದ್ದಕ್ಕೆ, ಪಿಟ್ಸ್‌ಬರ್ಗಿಗೆ ತಾವು ಹೋಗಿಯೇ ಇರಲಿಲ್ಲ ಎಂದುಬಿಡಿ ಎಂದು ಅವರ ಭಾಷಣ ಲೇಖಕ ಸ್ಯಾಮ್ಯುಯೆಲ್ ರೋಸೆನ್ಮನ್ ಸಲಹೆ ಕೊಟ್ಟರಂತೆ. ಆದರೆ ಆ ಭಾಷಣವನ್ನು ಕೊನೆಯವರೆಗೆ ಓದಿದವರಿಗೆ ಒಂದು ಷರತ್ತು ಕಾಣುತ್ತದೆ: ಯಾವುದೇ ಪ್ರಜೆಯ ಹಸಿವು, ಕಡುಕಷ್ಟಗಳ ಕಾರಣದಿಂದ ಹೆಚ್ಚು ಹಣ ಬೇಕಾಗಿ ಬಜೆಟ್ ಸರಿದೂಗದೆ ಹೋದರೆ, ಆ ಸತ್ಯವನ್ನು ಜನರ ಮುಂದಿಡಲು ಹಿಂಜರಿಯುವುದಿಲ್ಲ ಎಂದು ಅವರು ಅಲ್ಲಿಯೇ ಹೇಳಿದ್ದರು. ಆಲ್ಬನಿಯ ದಾಖಲೆಯನ್ನು ಬಲ್ಲ ಮತದಾರ ಆ ಷರತ್ತಿಗೆ ಹೆಚ್ಚು ತೂಕ ಕೊಟ್ಟಿರುತ್ತಿದ್ದ. ಬರೀ ಭಾಷಣ ಕೇಳಿದವನು ಮಿತವ್ಯಯದ ಅಧ್ಯಕ್ಷನನ್ನು ನಿರೀಕ್ಷಿಸಿರುತ್ತಿದ್ದ.

ಮಾಜಿ ಸೈನಿಕರ ಬೋನಸ್ ಬೇಡಿಕೆಗೆ ಅವರ ಬೆಂಬಲವಿತ್ತೇ?

ಇರಲಿಲ್ಲ. 1932ರ ಬೇಸಿಗೆಯಲ್ಲಿ ಸಾವಿರಾರು ನಿರುದ್ಯೋಗಿ ಮಾಜಿ ಸೈನಿಕರು, ಮೊದಲ ಮಹಾಯುದ್ಧದ ಸೇವೆಗಾಗಿ 1945ರಲ್ಲಿ ಸಿಗಬೇಕಿದ್ದ ಬೋನಸ್ಸನ್ನು ಈಗಲೇ ಕೊಡಿ ಎಂದು ವಾಷಿಂಗ್ಟನ್‌ನಲ್ಲಿ ಬೀಡುಬಿಟ್ಟಿದ್ದರು. ಜುಲೈ 28ರಂದು ಸೇನೆ ಅವರನ್ನು ಚದುರಿಸಿ ಗುಡಿಸಲುಗಳಿಗೆ ಬೆಂಕಿ ಬಿದ್ದದ್ದು ಹೂವರ್ ಅವರ ಹೆಸರಿಗೆ ಭಾರಿ ಪೆಟ್ಟು ಕೊಟ್ಟಿತು. ಆದರೆ ಬೇಡಿಕೆಯನ್ನು ರೂಸ್‌ವೆಲ್ಟ್ ಕೂಡ ಒಪ್ಪಿರಲಿಲ್ಲ. ಮುಂದೆ ಅಧ್ಯಕ್ಷರಾಗಿ 1935ರಲ್ಲಿ ಬೋನಸ್ ಮಸೂದೆಯನ್ನು ತಿರಸ್ಕರಿಸಿದರು. 1936ರಲ್ಲಿ ಅವರ ನಿರಾಕರಣೆಯನ್ನು ಮೀರಿ ಸಂಸತ್ತು ಅದನ್ನು ಅಂಗೀಕರಿಸಿತು.

ಅವರಿಗಿಂತ ಹೆಚ್ಚಿನದನ್ನು ಭರವಸೆ ಕೊಟ್ಟ ಅಭ್ಯರ್ಥಿ ಇದ್ದರೇ?

ಸಮಾಜವಾದಿ ಪಕ್ಷದ ನಾರ್ಮನ್ ಥಾಮಸ್ ಇದ್ದರು. ತಕ್ಷಣದ ಪರಿಹಾರಕ್ಕೆ 500 ಕೋಟಿ ಡಾಲರ್, ಕಾಮಗಾರಿಗಳಿಗೆ ಮತ್ತೆ 500 ಕೋಟಿ ಡಾಲರ್, ಕಡ್ಡಾಯ ನಿರುದ್ಯೋಗ ವಿಮೆ, ಇವೆಲ್ಲ ಅವರ ಪ್ರಣಾಳಿಕೆಯಲ್ಲಿದ್ದವು. ಅವರಿಗೆ ಬಿದ್ದ ಮತ ಸುಮಾರು 8.8 ಲಕ್ಷ.

ಗೆದ್ದ ಮೇಲೆ ಹಳೆಯ ದಾಖಲೆಗೂ ಹೊಸ ಆಡಳಿತಕ್ಕೂ ನಂಟು ಕಂಡಿತೇ?

ಕಂಡಿತು, ಕೆಲಸ ವಹಿಸಿಕೊಂಡವರೇ ಆಲ್ಬನಿಯ ಹಳಬರಾಗಿದ್ದರು. ಪರ್ಕಿನ್ಸ್ ಕಾರ್ಮಿಕ ಖಾತೆ ವಹಿಸಿಕೊಂಡು ಅಮೆರಿಕದ ಸಚಿವ ಸಂಪುಟದ ಮೊದಲ ಮಹಿಳೆಯಾದರು. 1933ರ ಮೇ ತಿಂಗಳಲ್ಲಿ 50 ಕೋಟಿ ಡಾಲರ್ ನಿಧಿಯೊಂದಿಗೆ ಹುಟ್ಟಿದ ಒಕ್ಕೂಟ ತುರ್ತು ಪರಿಹಾರ ಆಡಳಿತಕ್ಕೆ ಹಾಪ್ಕಿನ್ಸ್ ಮುಖ್ಯಸ್ಥರಾದರು. ಕೂರಲು ಸರಿಯಾದ ಕೋಣೆ ಸಿದ್ಧವಾಗುವ ಮುನ್ನವೇ, ಮೊದಲ ಎರಡು ಗಂಟೆಗಳಲ್ಲಿ ಅವರು 50 ಲಕ್ಷ ಡಾಲರಿಗೂ ಹೆಚ್ಚು ಹಣವನ್ನು ರಾಜ್ಯಗಳಿಗೆ ಮಂಜೂರು ಮಾಡಿದರು. ಈ ಬಾರಿ ಅದು ಸಾಲವಲ್ಲ, ಅನುದಾನ. ಷಿಕಾಗೊದಲ್ಲಿ ಹೇಳಿದ ಅರಣ್ಯದ ಕೆಲಸ ನಾಗರಿಕ ಸಂರಕ್ಷಣಾ ದಳವಾಯಿತು: ಯುವಕರಿಗೆ ತಿಂಗಳಿಗೆ 30 ಡಾಲರ್, ಅದರಲ್ಲಿ 25 ಡಾಲರ್ ನೇರ ಮನೆಗೆ. 1933ರ ಚಳಿಗಾಲದಲ್ಲಿ ಮತ್ತೊಂದು ಯೋಜನೆ ಕೆಲವೇ ವಾರಗಳಲ್ಲಿ ಸುಮಾರು 40 ಲಕ್ಷ ಜನರನ್ನು ಕಾಮಗಾರಿಗೆ ಹಚ್ಚಿತು. 1931ರಲ್ಲಿ ತಡೆಹಿಡಿಯಲಾಗಿದ್ದ ಉದ್ಯೋಗ ವಿನಿಮಯ ಕಚೇರಿಗಳ ಯೋಜನೆಯೂ 1933ರ ಜೂನ್‌ನಲ್ಲಿ ಕಾನೂನಾಯಿತು. ನಿರುದ್ಯೋಗ ವಿಮೆ 1935ರ ಆಗಸ್ಟ್ 14ರ ಸಾಮಾಜಿಕ ಭದ್ರತಾ ಕಾಯ್ದೆಯ ಭಾಗವಾಗಿ ಬಂತು. ಶೇ 25ರ ಕಡಿತ ಮಾತ್ರ ಎಲ್ಲಿಯೂ ಕಾಣಲಿಲ್ಲ.

ಯಾರು ಹೊರಗುಳಿದರು?

ಕೃಷಿ ಕೂಲಿಗಳು ಮತ್ತು ಮನೆಗೆಲಸದವರು 1935ರ ಕಾಯ್ದೆಯ ವಿಮೆಯ ವ್ಯಾಪ್ತಿಗೆ ಬರಲಿಲ್ಲ. ದುಡಿಯುವ ಕಪ್ಪು ಜನರಲ್ಲಿ ಬಹುಪಾಲು ಇವೆರಡು ಕೆಲಸಗಳಲ್ಲಿಯೇ ಇದ್ದುದರಿಂದ ಕಾನೂನು ಬಣ್ಣದ ಹೆಸರೆತ್ತದಿದ್ದರೂ ಹೊಡೆತ ಬಿದ್ದದ್ದು ಅವರಿಗೆ. ಸಂರಕ್ಷಣಾ ದಳದ ಶಿಬಿರಗಳು ಬಹುಮಟ್ಟಿಗೆ ಬಣ್ಣದ ಆಧಾರದ ಮೇಲೆ ಬೇರ್ಪಟ್ಟಿದ್ದವು, ಮಹಿಳೆಯರಿಗೆ ಆ ದಳದಲ್ಲಿ ಜಾಗವೇ ಇರಲಿಲ್ಲ. ರೂಸ್‌ವೆಲ್ಟ್ ಅವರನ್ನು ಹೊಗಳುವ ಬರಹಗಳು ಈ ಭಾಗವನ್ನು ಅವಸರದಲ್ಲಿ ದಾಟಿಬಿಡುತ್ತವೆ.

ನಮ್ಮಲ್ಲಿನ ಯಾವ ವ್ಯವಸ್ಥೆಗೆ ಇದನ್ನು ಹೋಲಿಸಬಹುದು?

ಪೂರ್ತಿ ಹೋಲುವಂಥದ್ದು ಇಲ್ಲ. ಕಾಮಗಾರಿಯೋ ಹಣವೋ ಎಂಬ ಪ್ರಶ್ನೆ ಮಾತ್ರ ಇಲ್ಲಿಯೂ ಇದ್ದೇ ಇದೆ. 2005ರ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆ ಮೊದಲು ಕೆಲಸ, ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಎಂಬ ಕ್ರಮವನ್ನು ಇಟ್ಟುಕೊಂಡಿತ್ತು. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆಗೊಂಡ ಕರ್ನಾಟಕದ ಯುವನಿಧಿ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಖಾತೆಗೆ ಹಾಕುವ ಯೋಜನೆ. ಇದ್ದ ಕೆಲಸ ಕಳೆದುಕೊಂಡ ಕಾರ್ಮಿಕನಿಗಿಂತ ಇನ್ನೂ ಮೊದಲ ಕೆಲಸ ಸಿಗದ ಯುವಕರನ್ನು ಇದು ಉದ್ದೇಶಿಸಿದೆ.

ರೂಸ್‌ವೆಲ್ಟ್ ಕಾಲದ ನಿರುದ್ಯೋಗದ ಅಂಕಿಗಳು ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇರುವುದೇಕೆ?

ಆಗ ತಿಂಗಳು ತಿಂಗಳೂ ನಡೆಯುವ ರಾಷ್ಟ್ರೀಯ ಸಮೀಕ್ಷೆ ಇರಲಿಲ್ಲ, ಎಲ್ಲ ಅಂಕಿಗಳನ್ನೂ ಅರ್ಥಶಾಸ್ತ್ರಜ್ಞರು ಹಿಂದಿರುಗಿ ನೋಡಿ ಲೆಕ್ಕ ಹಾಕಿದ್ದಾರೆ. ಬಹಳ ಕಾಲ ಬಳಕೆಯಲ್ಲಿರುವ ಲೆಕ್ಕವು ಸರ್ಕಾರದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುತ್ತಿದ್ದವರನ್ನೂ ನಿರುದ್ಯೋಗಿಗಳೆಂದೇ ಎಣಿಸಿದೆ. ಆ ಪ್ರಕಾರ ಕಾಮಗಾರಿಗಳ ಹಣ ಕಡಿತಗೊಂಡು ಮತ್ತೆ ಕುಸಿತ ಕಂಡ ಮೇಲೆ, 1938ರಲ್ಲಿ ನಿರುದ್ಯೋಗ ಶೇ 19.0. ಕಾಮಗಾರಿಯಲ್ಲಿದ್ದವರನ್ನು ಉದ್ಯೋಗಿಗಳೆಂದು ಎಣಿಸಿದರೆ ಅದು ಶೇ 12.5ರ ಆಸುಪಾಸಿಗೆ ಇಳಿಯುತ್ತದೆ. ಶಾಲೆಯ ಗೋಡೆ ಕಟ್ಟಿ ವಾರದ ಕೊನೆಗೆ ಕೂಲಿ ಎಣಿಸಿಕೊಂಡವನನ್ನು ಯಾವ ಸಾಲಿಗೆ ಸೇರಿಸಿದ್ದಾರೆಂದು ನೋಡಿಕೊಂಡೇ ಈ ಅಂಕಿಗಳನ್ನು ಉಲ್ಲೇಖಿಸಬೇಕು.